ಊಟಕ್ಕೆ ಮುಂಚೆ ಸೊಪ್ಪು

ಮೊನ್ನೆ ಸೇಲಂನಲ್ಲಿ ತಂಗಿಯ ಮನೆಗೆ ಊಟಕ್ಕೆ ಹೋಗಿದ್ದೆ. ಅಡುಗೆಮನೆಯಿಂದ ನುಗ್ಗೆಸೊಪ್ಪಿನ ಒಗ್ಗರಣೆಯ ವಾಸನೆ. ತಟ್ಟೆ ತಂದಿಟ್ಟ ಅವಳ ಮಗಳ ಕೈಯಿಂದ ಸೋಪಿನ ವಾಸನೆ. ನಿಮಗೆ ಇವು ಬೇರೆ ಬೇರೆ ಇರಬಹುದು. ನನಗೆ ಎರಡೂ ಸೇರಿದರೆ ನಮ್ಮಜ್ಜಿ.

ನಮ್ಮೂರು ತೊಪ್ಪೂರು ಘಾಟಿನ ಕೆಳಗೆ. ಮನೆಯಲ್ಲಿ ಕನ್ನಡ, ಬೀದಿಗಿಳಿದರೆ ತಮಿಳು. ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂಬ ಚಿಂತೆ ಅಜ್ಜಿಗಿರಲಿಲ್ಲ. ಆಗ ತಂಗಿ ಇನ್ನೂ ಕೂಸು. ಆಗಾಗ ಭೇದಿ, ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಓರಗೆಯ ಮಕ್ಕಳು ಓಡಾಡುವಾಗ ಅವಳು ಗೋಡೆ ಹಿಡಿದು ನಿಲ್ಲುತ್ತಿದ್ದಳು. ಈ ಮಗು ಉಳಿಯುತ್ತದೋ ಇಲ್ಲವೋ ಎಂಬ ಭಯ ಎಲ್ಲರಿಗೂ ಇತ್ತು.

ಒಂದು ದಿನ ನರ್ಸಮ್ಮ ಬಂದು ಮಗುವನ್ನು ತೂಗಿದರು. ಅವರದು ಅಪ್ಪಟ ತಮಿಳು. "ಸಾಪ್ಪಾಟ್ಟುಕ್ಕು ಮುನ್ನಾಡಿ ಸೋಪ್ಪು ಪೋಡಣುಂ ಪಾಟಿ," ಎಂದರಂತೆ. ಊಟಕ್ಕೆ ಮುಂಚೆ ಸೋಪು ಹಾಕಬೇಕು ಅಜ್ಜಿ, ಎಂದು. ತಮಿಳರ ಬಾಯಲ್ಲಿ ಸೋಪು ಸೋಪ್ಪಾಗುತ್ತದೆ. ನಮ್ಮಜ್ಜಿಯೋ ಕೈ ತೊಳೆಯುವ ಸೋಪಿಗೆ ಸವ್ಕಾರ ಅನ್ನುವವಳು. ಸೋಪ್ಪು ಅಂದರೆ ಅವಳ ಕಿವಿಗೆ ತಿನ್ನುವ ಸೊಪ್ಪೇ. "ಎಂದ ಸೋಪ್ಪು?" ಯಾವುದು, ಎಂದು ಕೇಳಿಯೂ ಕೇಳಿದಳಂತೆ. "ಎದುವಾ ಇರುಂದಾಲುಂ ಸರಿ," ಯಾವುದಾದರೂ ಸರಿ ಎಂದು ನರ್ಸಮ್ಮ ಮುಂದಿನ ಮನೆಗೆ ಹೋದರು.

ಅಲ್ಲಿಗೆ ನನ್ನ ಸುಖದ ದಿನಗಳು ಮುಗಿದವು. ನುಗ್ಗೆ, ದಂಟು, ಬೇಲಿಯಲ್ಲಿ ಬೆಳೆದದ್ದು, ಯಾವುದೂ ಉಳಿಯಲಿಲ್ಲ. ಮೊದಲ ತುತ್ತಿಗೆ ಮುಂಚೆ ಒಂದು ಹಿಡಿ ಬೆಂದ ಸೊಪ್ಪು. ಹೇಳಿದ್ದು ಮಗುವಿಗೆ ತಾನೇ ಎಂದು ನಾನು ವಾದಿಸಿದೆ. "ನೀನೇನು ದೊಡ್ಡ ಆಫೀಸರಾ? ತಿನ್ಲಾ," ಎಂದಳು ಅಜ್ಜಿ. ತಂಗಿ ಮಾತ್ರ ಎರಡೂ ಕೈಯಲ್ಲಿ ಬಾಚಿಕೊಂಡು ತಿನ್ನುತ್ತಿದ್ದಳು.

ಮುಂದಿನ ಸಲ ನೋಡಿದರೆ ತೂಕ ಕೊಂಚ ಏರಿತ್ತು, ಭೇದಿ ನಿಂತಿರಲಿಲ್ಲ. ನರ್ಸಮ್ಮ ಮಗುವಿನ ಅಂಗೈ ಬಿಡಿಸಿದರು. ಮಣ್ಣು, ಅದರ ಮೇಲೆ ಹಸಿರು. "ಸೋಪ್ಪು ಪೋಡಲಿಯಾ?" ಹಾಕಲಿಲ್ಲವೇ ಎಂದರು. ಅಜ್ಜಿಗೆ ರೇಗಿತು. "ದಿನಾ ಆಕ್ತಾವ್ನಿ, ಪಾರುಂಗ," ನೋಡಿ, ಎಂದು ಒಲೆಯ ಮೇಲಿನ ಪಾತ್ರೆಯನ್ನೇ ತಂದು ಮುಂದಿಟ್ಟಳು.

ನರ್ಸಮ್ಮ ಪಾತ್ರೆ ನೋಡಿದರು, ಅಜ್ಜಿಯನ್ನು ನೋಡಿದರು, ಜಗಲಿಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಚೀಲದಿಂದ ಸೋಪು ತೆಗೆದು ತೋರಿಸಿದರು.

ಅಜ್ಜಿ ನನ್ನ ಕಡೆ ತಿರುಗಿದಳು. "ಇದು ಸವ್ಕಾರ ಅಲ್ವೇನ್ಲಾ? ಅಂಗಂತ ಏಳಬಾರ್ದಾ ಆ ಯಮ್ಮ?" ಅನ್ನುತ್ತ ತಾನೂ ನಗತೊಡಗಿದಳು.

"ರೆಂಡುಂ ಪೋಡುಂಗ ಪಾಟಿ," ಎರಡನ್ನೂ ಹಾಕಿ, ಎಂದರು ನರ್ಸಮ್ಮ. ಮಗುವಿಗೆ ನೀರು ಕುದಿಸಿ ಆರಿಸಿ ಕೊಡಬೇಕೆಂದೂ ಹೇಳಿದರು. ಈ ಸಲ ಬಾಯಿಮಾತನ್ನು ನಂಬದೆ, ಒಲೆಯ ಮುಂದೆ ನಿಂತು ಮಾಡಿಯೇ ತೋರಿಸಿದರು.

ಮಳೆಗಾಲ ಬರುವ ಹೊತ್ತಿಗೆ ತಂಗಿ ಗೋಡೆ ಬಿಟ್ಟಳು. ಅಜ್ಜಿಯ ಹಿಂದೆ ನುಗ್ಗೆಮರದವರೆಗೆ ಓಡಿದ ದಿನ ಅಮ್ಮ ಹೊಸಿಲ ಮೇಲೆ ಕೂತು ಸಂತೋಷಕ್ಕೆ ಅತ್ತಳು.

ಇದನ್ನೆಲ್ಲ ನೆನೆಯುತ್ತ ಮೊನ್ನೆ ನಾನು ತಟ್ಟೆಗೆ ಕೈ ಹಾಕಿದೆ. ತಂಗಿಯ ಮಗಳು ಮನೆಯಲ್ಲೂ ತಮಿಳೇ ಆಡುವವಳು. ನನ್ನ ಕೈ ಹಿಡಿದು ತಡೆದಳು. "ಮಾಮಾ, ಸೋಪ್ಪು?"

"ಎಂದ ಸೋಪ್ಪು?" ಎಂದೆ.

"ಎರಡೂ ಕಣಣ್ಣ. ಮೊದ್ಲು ಕೈ ತೊಳ್ಕೊ ಓಗು," ಎಂದಳು ತಂಗಿ. ಗೋಡೆ ಹಿಡಿದು ನಿಲ್ಲುತ್ತಿದ್ದವಳು ಅಡುಗೆಮನೆಯ ಬಾಗಿಲ ತುಂಬ ನಿಂತಿದ್ದಳು. ನಾನು ಕೈ ತೊಳೆದು ಬಂದು, ಯಾರೂ ಹೇಳದೆಯೇ ಮೊದಲು ಸೊಪ್ಪು ತಿಂದೆ.