ಅಜ್ಜಿಗೆ ನಾನು ಹೇಳಿದ ಜರ್ಮನ್ ಕತೆ

ನಿಮ್ಮನ್ನು ನಂಬಿ ಹೇಳಿದ ಗುಟ್ಟನ್ನು, ಬರಿಯ ಹೊಟ್ಟೆಕಿಚ್ಚಿನಿಂದ, ನೀವು ಎಂದಾದರೂ ಬಯಲು ಮಾಡಿದ್ದೀರಾ? ಸ್ಯಾನಿಟೈಸರಿನ ಕಟು ವಾಸನೆಗೆ ಇಂಗಿನ ಒಗ್ಗರಣೆ ಬೆರೆತು ಮೂಗಿಗೆ ಬಡಿದಾಗಲೆಲ್ಲ ಈ ಪ್ರಶ್ನೆ ನನ್ನೆದುರು ನಿಲ್ಲುತ್ತದೆ. ಕೊರೊನಾ ಬಂದ ವರ್ಷದ ವಸಂತದಲ್ಲಿ, ಐರಿಷ್ ಊರಾದ ಕ್ಲಾಂಡಾಲ್ಕಿನ್‌ನ ನಮ್ಮ ಬಾಡಿಗೆ ಮನೆಯನ್ನು ತುಂಬಿದ್ದ ವಾಸನೆ ಅದು. ನನಗೆ ಹದಿಮೂರು, ಸಿಂಧು ಅಕ್ಕನಿಗೆ ಹದಿನೇಳು. ಅಮ್ಮ ಕಿಲ್ಕೆನ್ನಿಯ ಆಸ್ಪತ್ರೆಯ ಕೆಲಸಕ್ಕಾಗಿ ಅಲ್ಲೇ ತಂಗಿದ್ದಳು; ಊಟದ ಮೇಜು ಅಪ್ಪನ ಆಫೀಸಾಗಿತ್ತು; ಎರಡು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದ ಅಜ್ಜಿ, ವಿಮಾನಗಳು ನಿಂತು ನಮ್ಮಲ್ಲೇ ಉಳಿದಿದ್ದರು.

ಮನೆಯಿಂದ ಎರಡು ಕಿಲೋಮೀಟರ್ ದಾಟುವಂತಿರಲಿಲ್ಲ. ಆ ಪುಟ್ಟ ವರ್ತುಲದೊಳಗೆ ಅಕ್ಕ ಇಡಿಯಾಗಿ ನನ್ನವಳಾಗಿದ್ದಳು. ನನ್ನ ಜಡೆ ಹೆಣೆಯುವಳು, ಕಾಲುವೆಯ ದಂಡೆಯಲ್ಲಿ ನನ್ನೊಡನೆ ನಡೆಯುವಳು. ಏಪ್ರಿಲ್ ಕೊನೆಗೆ, ಹಾಲು ತರುವ ನೆಪದಲ್ಲಿ, ಒಬ್ಬಳೇ ಹೊರಡತೊಡಗಿದಳು. "ನಿಂಗೊಬ್ಳಿಗೇ ಹೇಳ್ತಿರೋದು ಕಣೇ," ಎಂದು ಪಿಸುಗುಟ್ಟಿದಳು. ಅವಳ ತರಗತಿಯ ಶಾನ್ ಕಾಲುವೆಯ ಸೇತುವೆ ಬಳಿ ಕಾಯುತ್ತಿದ್ದ. ಇಬ್ಬರೂ ಎರಡು ಮೀಟರ್ ಅಂತರದಲ್ಲಿ ಕುಳಿತು ಮಾತಾಡುತ್ತಿದ್ದರು. ಆ ಎರಡು ಮೀಟರಿನಲ್ಲಿ ನನಗೆ ಜಾಗವಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ, ಅಕ್ಕ ಹಾಲಿಗೆ ಹೋಗಿದ್ದಾಗ, ಟಿವಿಯಲ್ಲಿ ಜರ್ಮನ್ ಚಿತ್ರವೊಂದು ಬಂತು. ಇಂಗ್ಲಿಷ್ ಅಡಿಬರಹವನ್ನು ಅಜ್ಜಿಗೆ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಶಾಲೆ ತೊರೆದ ಹುಡುಗ, ಮನೆ ಬಿಟ್ಟ ಹುಡುಗಿ, ಕದ್ದ ಮೋಟಾರ್‌ಸೈಕಲ್. ಹಿಂದೆ ಬಿಟ್ಟವರನ್ನು ಒಮ್ಮೆಯೂ ನೆನೆಯದೆ ನಗುವ ಆ ಜೋಡಿಯನ್ನು ಕಂಡು ನನ್ನೊಳಗೆ ಉರಿಯಿತು. "ಏನಂತೆ ಆ ಹುಡುಗಿ?" ಎಂದರು ಅಜ್ಜಿ. "ಹಾಲು ತರ್ತೀನಿ ಅಂತ ಸುಳ್ಳು ಹೇಳಿ, ದಿನಾ ಕಾಲುವೆ ಹತ್ರ ಹುಡುಗನ್ನ ನೋಡೋಕ್ ಹೋಗ್ತಾಳಂತೆ," ಎಂದೆ, ಅಪ್ಪನಿಗೂ ಕೇಳುವಂತೆ. ತೆರೆಯ ಮೇಲೆ ಹಾಲೂ ಇರಲಿಲ್ಲ, ಕಾಲುವೆಯೂ ಇರಲಿಲ್ಲ. ಅಜ್ಜಿ ಟಿವಿ ಬಿಟ್ಟು ನನ್ನನ್ನೇ ನೋಡಿದರು. ಅಪ್ಪ ಹೆಡ್‌ಫೋನ್ ತೆಗೆದಿಟ್ಟರು. ಕೊನೆಗೆ ಆ ಬಂಡಾಯಗಾರರು ತಂದೆಯ ಮನೆಗೆ ಮರಳಿ, ಕ್ಷಮೆ ಕೇಳಿ, ತೆಪ್ಪಗೆ ಕೇಕ್ ತಿಂದರು. "ಕೇಕ್ ತಿನ್ನೋಕೆ ಇಷ್ಟೆಲ್ಲ ಓಡ್ಬೇಕಿತ್ತಾ?" ಎಂದರು ಅಜ್ಜಿ. ಅಪ್ಪ ಗಡಿಯಾರ ನೋಡಿದರು.

ಬಾಗಿಲು ತೆರೆಯಿತು. "ಹಾಲು ತರೋಕೆ ಒಂದೂವರೆ ಗಂಟೆನಾ ಸಿಂಧು? ಯಾರವ್ನು?" ಎಂದರು ಅಪ್ಪ. "ಕ್ಯೂ ಇತ್ತಪ್ಪಾ, ಐ ಆಮ್ ಗ್ರ್ಯಾಂಡ್, ಏನೂ ಇಲ್ಲ," ಎಂದ ಅಕ್ಕ ಹಾಲನ್ನು ಮೇಜಿನ ಮೇಲಿಟ್ಟಳು. "ಯಾರ್ ಹೇಳಿದ್ದು?" ಅವಳು ನನ್ನತ್ತ ತಿರುಗುವಷ್ಟರಲ್ಲಿ ಅಜ್ಜಿ ಎದ್ದು ನಿಂತಿದ್ದರು. "ನಾನೇ ಕಣೇ. ದಿನಾ ನಿನ್ನ ಮುಖ ನೋಡ್ತೀನಲ್ಲ, ನಂಗ್ ಗೊತ್ತಾಗಲ್ವಾ?"

ಅಕ್ಕ ಮತ್ತೆ ಹಾಲಿಗೆ ಹೋಗಲಿಲ್ಲ. ಅಜ್ಜಿ ವಿಮಾನ ಹತ್ತುವವರೆಗೂ ಅವಳು ಅವರೊಡನೆ ಮಾತಾಡಲಿಲ್ಲ. ಅಂದಿನಿಂದ ನನ್ನ ಜಡೆ ಹೆಣೆದವರು ಅಜ್ಜಿ. ಅವರ ಬೆರಳುಗಳಲ್ಲಿ ಇಂಗಿನ ವಾಸನೆಯಿರುತ್ತಿತ್ತು. ಆ ವಿಷಯವನ್ನು ಅವರು ಒಮ್ಮೆಯೂ ಎತ್ತಲಿಲ್ಲ. ಮರುವರ್ಷ ಅವರು ತೀರಿಕೊಂಡರು. ಮಾಲೀಕರು ಆ ಮನೆಯನ್ನೂ ಮಾರಿದರು. ಲಿಮೆರಿಕ್‌ನಲ್ಲಿರುವ ಅಕ್ಕ ಈಗಲೂ, "ಅಜ್ಜಿ ನನ್ಮೇಲೆ ಕಣ್ಣಿಟ್ಟಿದ್ರು," ಎನ್ನುತ್ತಾಳೆ. ಪ್ರೀತಿಸುವವರ ಹಕ್ಕಿಗಾಗಿ ಕಾಲೇಜಿನ ಚರ್ಚಾ ವೇದಿಕೆಗಳಲ್ಲಿ ವಾದಿಸಿ ಗೆಲ್ಲುವ ನಾನು, ಅದನ್ನು ಕೇಳಿಯೂ ಸುಮ್ಮನಿರುತ್ತೇನೆ.

ಇದನ್ನು ಬರೆದು ಮುಗಿಸಿದೊಡನೆ ಅಕ್ಕನಿಗೆ ಫೋನ್ ಮಾಡುತ್ತೇನೆ. ನಿಮ್ಮ ತಪ್ಪನ್ನೂ ಯಾರಾದರೂ ಹೊತ್ತಿದ್ದರೆ, ದಯವಿಟ್ಟು, ತಿಳಿಯಬೇಕಾದವರಿಗೆ ಇಂದೇ ಹೇಳಿಬಿಡಿ.