ಸೋಫಾದ ಮೇಲಿನ ಅರಿಷಿಣ ಕಲೆ

ಓಝರ್ ಕಡೆಯ ಕಾರ್ಖಾನೆಯ ಕ್ವಾರ್ಟರ್ಸಿಗೆ ನಾವು ಬಂದ ಮೊದಲ ವರ್ಷ, ಹಾಲಿನವನನ್ನು ಬಿಟ್ಟರೆ ನಮ್ಮ ಮನೆ ಬಾಗಿಲಿಗೆ ಯಾರೂ ಬರುತ್ತಿರಲಿಲ್ಲ. ಯಜಮಾನರು ಬೆಳಿಗ್ಗೆ ಹೋದರೆ ಬರುವುದು ಸಂಜೆಗೇ. ಸುತ್ತೆಲ್ಲ ಮರಾಠಿ, ನನಗೆ ಅದು ಬಾರದು. ದೇವರ ಮುಂದೆ ಕೂತು ಅವನೊಡನೆಯೇ ಕನ್ನಡ ಮಾತಾಡುತ್ತಿದ್ದೆ. ಅವನು ಬೇಸರವಿಲ್ಲದೆ ಕೇಳುತ್ತಿದ್ದ, ಅದೇ ದೊಡ್ಡದು.

ಸಂಕ್ರಾಂತಿಗೆ ಧೈರ್ಯ ಮಾಡಿ, ಯಜಮಾನರ ಕೈಲಿ ಮರಾಠಿಯಲ್ಲಿ ಚೀಟಿ ಬರೆಸಿ ಕಳಿಸಿ, ನಮ್ಮ ಸಾಲಿನ ಹೆಣ್ಣುಮಕ್ಕಳನ್ನು ಅರಿಷಿಣ-ಕುಂಕುಮಕ್ಕೆ ಕರೆದೆ. ಹಿಂದಿನ ದಿನ, ಮೊದಲಿದ್ದವರು ಬಿಟ್ಟುಹೋದ ಬಟ್ಟೆಯ ಸೋಫಾವನ್ನು ಅಂಗಳಕ್ಕೆ ಎಳೆದು ಸೋಡಾ ನೀರು ಹಾಕಿ ತಿಕ್ಕಿದೆ. ಮೂಲೆಯಲ್ಲಿದ್ದ ಹಳದಿ ಕಲೆ ನೋಡನೋಡುತ್ತ ರಕ್ತದ ಹಾಗೆ ಕೆಂಪಾಯಿತು. ಇದರ ಮೇಲೆ ಮುತ್ತೈದೆಯರನ್ನು ಹೆಂಗ ಕೂಡಿಸಲಿ ಎಂದು ಜೋರಾಗಿಯೇ ಅಂದುಬಿಟ್ಟೆ, ಅಳುವೇ ಬಂತು.

ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಕೇಳಿ ನಕ್ಕರು. "ಅಯ್ಯ ವೈನಿ, ಅದು ಅರಿಷಿಣ! ಸೋಡಾ ಹತ್ತಿದರ ಕೆಂಪಾಗತದ. ಮತ್ತ ಕುಂಕುಮ ಹೆಂಗ ಮಾಡ್ತಾರಂತ ತಿಳದೀರಿ? ತಣ್ಣೀರಾಗ ತೊಳದು ಬಿಸಿಲಿಗೆ ಬಿಡ್ರಿ."

ಸೊಲ್ಲಾಪುರದವರಂತೆ. ಇಷ್ಟು ದಿನ ಗೋಡೆಯಾಚೆಯೇ ಕನ್ನಡ ಇತ್ತು, ನನಗೆ ಗೊತ್ತಿರಲಿಲ್ಲ.

ಬಿಸಿಲಿಗೆ ಕಲೆ ಮಾಸಿತು, ಪೂರ್ತಿ ಹೋಗಲಿಲ್ಲ. ಮರುದಿನ ಅವರು ಎಲ್ಲರಿಗಿಂತ ಮೊದಲು ಬಂದು ಆ ಮೂಲೆಯಲ್ಲೇ ಸೀರೆ ಹರಡಿ ಕೂತುಬಿಟ್ಟರು. ಎಳ್ಳು-ಬೆಲ್ಲ ತೆಗೆದುಕೊಂಡು ಉಳಿದವರು ಎದ್ದು ಹೋದರೂ ಅವರು ಏಳಲಿಲ್ಲ.

"ಇನ್ನ ಆ ಕಲೆ ಯಾರೂ ನೋಡೂದಿಲ್ಲ, ಆರಾಮ ಕೂಡ್ರಿ," ಅಂದೆ.

"ಚಹಾ ಇಡ್ರಿ ವೈನಿ," ಅಂದರು. "ನಮ್ಮ ಮನ್ಯಾಗೂ ಸಂಜೀತನಕ ಯಾರೂ ಇರಂಗಿಲ್ಲ."