ಓಟೆ ತೆಗೆದ ಮಾವಿನಕಾಯಿ

ನಾನು ಚಿಕ್ಕವಳಿದ್ದಾಗ ಸಮುದ್ರ ನೋಡಬೇಕು ಅನ್ನುವ ಹುಚ್ಚು ನನಗೆ. ನಮ್ಮ ಕೋಲಾರದ ಕಡೆ ಕೆರೆಯೇ ದೊಡ್ಡ ನೀರು. ಅಕ್ಕನನ್ನು ಆಂಧ್ರದ ಕರಾವಳಿಗೆ ಮದುವೆ ಮಾಡಿ ಕೊಟ್ಟಿದ್ದರು. ಅವಳ ಮನೆ ಹಿಂದೆಯೇ ಸಮುದ್ರವಂತೆ, ಹಗಲೂ ರಾತ್ರಿ ಅದರದೇ ಗದ್ದಲವಂತೆ.

ಆ ಬೇಸಿಗೆಯಲ್ಲಿ ಅಕ್ಕ ತನ್ನ ಅತ್ತೆಯ ಜೊತೆ ನಮ್ಮೂರು ಗೌನಿಪಲ್ಲಿಗೆ ಬಂದಳು. ನಮ್ಮ ತೋಟದ ಮಾವಿನಕಾಯಿಯಲ್ಲಿ ವರ್ಷಕ್ಕಾಗುವಷ್ಟು ಆವಕಾಯಿ ಉಪ್ಪಿನಕಾಯಿ ಹಾಕಿಕೊಂಡು, ವಾಪಸು ಹೋಗುವಾಗ ನನ್ನನ್ನೂ ಕರೆದೊಯ್ಯುವುದು ಅಂತ ಮಾತಾಗಿತ್ತು. ನಾನಾಗಲೇ ಲಂಗ ಮಡಚಿ ಚೀಲಕ್ಕೆ ತುಂಬಿಬಿಟ್ಟಿದ್ದೆ.

ಅವರ ಊರಿನ ಮಾತೆತ್ತಿದರೆ ಅತ್ತೆ ನಿಲ್ಲಿಸುತ್ತಿರಲಿಲ್ಲ. ಹಿಂದಿನವರು ಹಡಗಿನಲ್ಲಿ ಬಟ್ಟೆ, ಅಕ್ಕಿ ತುಂಬಿಕೊಂಡು ದೂರದೇಶಕ್ಕೆ ಹೋಗುತ್ತಿದ್ದರಂತೆ. ಆವಕಾಯಿ ಕಲಸಿದ ಮೇಲೆ ಖಾರ ಅಂಟಿದ ಪಾತ್ರೆಗೇ ಬಿಸಿ ಅನ್ನ ಹಾಕಿ ಮಕ್ಕಳಿಗೆಲ್ಲ ತುತ್ತು ಕೊಡುತ್ತಾರಂತೆ. ಕೇಳುತ್ತಲೇ ನನ್ನ ಬಾಯಲ್ಲಿ ನೀರು.

ಬೆಳಿಗ್ಗೆ ಅತ್ತೆ ಮಾಳಿಗೆ ಮೇಲೆ ಸಾಸಿವೆ ಒಣಗಿಸುತ್ತಿದ್ದರು. ಅಕ್ಕ ಖಾರದಪುಡಿ ಮಾಡಿಸಲು ಮಿಷನ್ನಿಗೆ ಹೋಗಿದ್ದಳು. ನೆಂಟರ ಕೆಲಸ ಹಗುರವಾಗಲಿ ಅಂತ ಅಮ್ಮ ಅಷ್ಟೂ ಕಾಯಿಯನ್ನು ನಮ್ಮ ರೂಢಿಯಂತೆ ಹೆಚ್ಚಿಟ್ಟಳು. ಓಟೆ ತೆಗೆದು, ತೆಳ್ಳಗೆ, ತೊಳೆದು. ಹಿತ್ತಿಲೆಲ್ಲ ಸೊನೆಯ ಘಾಟು.

ಅತ್ತೆ ಇಳಿದು ಬಂದು ಮೊರ ನೋಡಿದರು. "ಟೆಂಕ ಎಕ್ಕಡಮ್ಮಾ?" ಅಂದರು. ಓಟೆ ಎಲ್ಲಿ ಅಂತ. ಅವರಲ್ಲಿ ಗಟ್ಟಿ ಓಟೆ ಸಮೇತ ಕಾಯಿ ಕಡಿಯಬೇಕಂತೆ, ಹೋಳುಗಳಿಗೆ ನೀರು ಸೋಕಬಾರದಂತೆ. ಇಲ್ಲದಿದ್ದರೆ ಮಳೆಗಾಲಕ್ಕೇ ಎಲ್ಲ ಕೊಳೆತು ಗಂಜಿಯಾಗುತ್ತದಂತೆ. ಅದನ್ನು ಮೊದಲೇ ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಅಮ್ಮನೂ ಕೇಳಲಿಲ್ಲ. ಒಲೆ ಮುಂದೆ ಕೂತು ಗೊಣಗಿದಳು: "ಓಟೆ ತಿನ್ನೋರ ಮನೇಗೆ ಹೆಣ್ಣು ಕೊಟ್ಟಿದೀವಿ ಅಂತ ನಂಗೇನ್ ಗೊತ್ತು?"

ಮತ್ತೆ ಕಾಯಿ ಕೀಳಬೇಕು, ಒರೆಸಬೇಕು, ಕಡಿಯಬೇಕು, ಹಾಕಿದ್ದು ಊರಬೇಕು. ಅಷ್ಟರಲ್ಲಿ ರಜ ಮುಗಿಯುತ್ತಿತ್ತು. ಅಪ್ಪ ಜಗಲಿಯಿಂದಲೇ ಹೇಳಿಬಿಟ್ಟರು: "ಇಸ್ಕೂಲು ಸುರುವಾಗ್ತದೆ, ನೀನು ಹೋಗೋದು ಬೇಡ. ಸಮುದ್ರ ಎಲ್ಲಿಗೂ ಓಡೋಗಲ್ಲ ಕಣೇ."

ಅಕ್ಕ ಮೊರ ಎತ್ತಿಕೊಂಡು ಒಳಗೆ ಹೋದಳು. ಅತ್ತೆ ಮುಂದೆ ಅವಳಿಗೆ ಬಾಯೆಲ್ಲಿತ್ತು? ಜಾಡಿಗಳು ಬಸ್ಸು ಹತ್ತಿದವು, ನಾನು ಹತ್ತಲಿಲ್ಲ. ಆ ಇಸ್ಕೂಲನ್ನೂ ಅದೇ ವರ್ಷ ಬಿಡಿಸಿದರು. ಆಮೇಲೆ ಅಕ್ಕನ ಮನೆಗೆ ಯಾರ್ಯಾರೋ ಹೋಗಿಬಂದರು. ನನಗೆ ಮಾತ್ರ ಯಾವಾಗಲೂ ಒಂದಲ್ಲ ಒಂದು ಕೆಲಸ.

ಮಕ್ಕಳೇ, ನೀವು ಅಂಗಡಿಯ ಬಾಟಲಿಯಿಂದ ಉಪ್ಪಿನಕಾಯಿ ಬಡಿಸಿಕೊಳ್ಳುವವರು. ಎರಡು ಸಲ ಸಮುದ್ರಕ್ಕೆ ಹೋಗಿ, ಅದಕ್ಕೇ ಬೆನ್ನು ಮಾಡಿ ನಿಂತು ಫೋಟೊ ತೆಗೆಸಿಕೊಂಡು ಬಂದಿರಿ. ಹೇಗಿತ್ತು ಅಂತ ಕೇಳಿದರೆ "ಬರೀ ನೀರು ಅಜ್ಜಿ, ಒಂದೇ ಸೆಖೆ" ಅಂತೀರಿ. ಅಜ್ಜಿಗೆ ಮಂಡಿನೋವು, ಕಾರಿನಲ್ಲಿ ಜಾಗ ಸಾಲದು ಅಂತ ಎರಡು ಸಲವೂ ಬಿಟ್ಟು ಹೋದಿರಿ. ಮುಂದಿನ ಸಲ ನಾನು ಮೊದಲೇ ಹೋಗಿ ಕಿಟಕಿ ಪಕ್ಕ ಕೂತಿರುತ್ತೇನೆ. ಜಾಗ ಸಾಲದಿದ್ದರೆ ನಿಮ್ಮಲ್ಲೊಬ್ಬರು ಇಳಿಯಿರಿ.